ಮಕ್ಕಳ ಮೊದಲ ಬಿಡಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿ ಹೋದರು. ಅವರ ಕಾಲಕ್ಕೆ ಆ ಎರಡು ಪರೀಕ್ಷೆಗಳೇ ಸಾಕಾಗಿದ್ದವು. ಈಗ ಅವೆರಡಕ್ಕೂ ಮೊದಲು ಮೂರನೆಯದೊಂದು ಬಂದು ಕುಳಿತಿದೆ. ಅದು ಬಿಡಾರ ಹಿಡಿದು ನೋಡುವ ಪರೀಕ್ಷೆ. ಕಲಿಕೆ ಮುಗಿಸಿ, ಕೈಯಲ್ಲಿ ಒಂದು ನೇಮಕಾತಿ ಪತ್ರ ಹಿಡಿದು ಊರು ಬಿಡುವ ನಮ್ಮ ಹುಡುಗ ಹುಡುಗಿಯರು ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದಲ್ಲಿ ಈ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಇದಕ್ಕೆ ಪಠ್ಯಪುಸ್ತಕವಿಲ್ಲ. ಹತ್ತನೆಯ ತರಗತಿಯವರೆಗೆ ಪಾಠ ಹೇಳಿದ ನಾವೂ ಇದನ್ನು ಅವರಿಗೆ ಹೇಳಿಕೊಡುವ ಪದ್ಧತಿ ಇಲ್ಲ. ರಜೆಗೆ ಬಂದ ಹಳೆಯ ವಿದ್ಯಾರ್ಥಿಗಳು ಶಾಲೆಯ ಜಗಲಿಯಲ್ಲಿ ಕುಳಿತು ಹೇಳಿದ ಅನುಭವಗಳನ್ನು ಕೇಳಿದ ಮೇಲೆ, ಈ ಪಾಠವನ್ನೂ ಒಮ್ಮೆ ಬರೆದಿಡುವುದು ಒಳ್ಳೆಯದೆಂದು ನಮಗೆ ತೋರಿತು.

ಬಾಡಿಗೆಗೆ ಹಿಡಿದ ಮನೆಯನ್ನು ನಮ್ಮ ಕಡೆ ಬಿಡಾರ ಎನ್ನುತ್ತೇವೆ. ಸ್ವಂತ ಮನೆ ಊರಿನಲ್ಲಿದೆ, ಇದು ತಾತ್ಕಾಲಿಕ ಎಂಬ ಅರ್ಥ ಆ ಮಾತಿನಲ್ಲೇ ಅಡಗಿದೆ. ಆದರೆ ತಾತ್ಕಾಲಿಕವೆಂದು ಹೊರಟ ಬಿಡಾರವೇ ಹತ್ತಾರು ವರ್ಷ ನಿಲ್ಲುವುದುಂಟು. ಆದ್ದರಿಂದ ಅದನ್ನು ಆರಿಸುವಾಗ ತಾತ್ಕಾಲಿಕ ಬುದ್ಧಿ ಸಾಲದು.

ಹೋಗಿ ಬರುವುದೋ, ಉಳಿಯುವುದೋ?

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಬೆಳಿಗ್ಗೆ ರೈಲು ಹತ್ತಿ ಸಂಜೆ ಮರಳುವುದು ನಮ್ಮವರಿಗೆ ತಲೆಮಾರುಗಳಿಂದ ರೂಢಿ. ಸೀಸನ್ ಟಿಕೆಟಿನ ಖರ್ಚು ಬಾಡಿಗೆಯ ಮುಂದೆ ಏನೂ ಅಲ್ಲ; ಮೇಲಾಗಿ ರಾತ್ರಿ ಅಮ್ಮನ ಕೈಯ ಊಟ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗಂತೂ ಹೋಗಿ ಬರುವುದೇ ಲಾಭ. ಆದರೆ ನಿಲ್ದಾಣದಿಂದ ಒಳಗೆ ಪೆರ್ಲ, ಮುಳ್ಳೇರಿಯ, ಬದಿಯಡ್ಕದ ಕಡೆಯ ಮಕ್ಕಳು ಬಸ್ಸಿಗೆ ಕಾದು, ರೈಲಿಗೆ ಓಡಿ, ಮತ್ತೆ ಬಸ್ಸು ಹಿಡಿಯುವಷ್ಟರಲ್ಲಿ ದಿನಕ್ಕೆ ನಾಲ್ಕೈದು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಈ ಗಂಟೆಗಳಿಗೂ ಒಂದು ಬೆಲೆ ಕಟ್ಟಬೇಕು.

2020ರ ಮಾರ್ಚ್ ತಿಂಗಳು ಇನ್ನೊಂದು ಪಾಠ ಕಲಿಸಿತು. ಕೋವಿಡ್ ಕಾರಣಕ್ಕೆ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯ ಆಚೆ ಆಸ್ಪತ್ರೆ, ಈಚೆ ರೋಗಿ ಎಂಬ ಸ್ಥಿತಿಯನ್ನು ನಾವೆಲ್ಲ ಕಂಡೆವು. ಮರುವರ್ಷ, 2021ರಲ್ಲಿ, ಕೇರಳದಿಂದ ಹೋಗುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಪತ್ರ ತೋರಿಸಬೇಕೆಂಬ ನಿಯಮ ಬಂತು. ದಿನಾ ಹೋಗಿ ಬರುವವನಿಗೆ ಅದೆಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ. ಕೆಲಸ ಆಚೆ, ಮನೆ ಈಚೆ ಇರುವವರು ನಡುವೆ ಒಂದು ಗೆರೆ ಇದೆಯೆಂಬುದನ್ನು ಆಗ ಮತ್ತೆ ನೆನಪು ಮಾಡಿಕೊಳ್ಳಬೇಕಾಯಿತು. 1956ರ ನವೆಂಬರ್ 1ರಂದು ಎಳೆದ ಗೆರೆ ಅದು.

ಹೋಗಿ ಬರಲಾಗದ ಊರುಗಳ ಮಾತು ಬೇರೆಯೇ. ಬೆಂಗಳೂರಿಗೆ ಕಂಪೆನಿ ಕೆಲಸಕ್ಕೆ ಹೋಗುವವರು, ಕೇರಳ ಸರಕಾರದ ಕೆಲಸ ಸಿಕ್ಕಿ ಕಣ್ಣೂರಿಗೋ ತಿರುವನಂತಪುರಕ್ಕೋ ಹೋಗುವವರು ಬಿಡಾರ ಹಿಡಿಯಲೇಬೇಕು.

ಮೊದಲು ಲೆಕ್ಕ, ಆಮೇಲೆ ಮನೆ

ಸಂಬಳದ ಮೂರರಲ್ಲಿ ಒಂದು ಪಾಲಿಗಿಂತ ಬಾಡಿಗೆ ಮೀರಬಾರದು. ಊರಿಗೆ ಹಣ ಕಳುಹಿಸಬೇಕಾದವರಿಗೆ ನಾಲ್ಕರಲ್ಲಿ ಒಂದು ಪಾಲೇ ಮಿತಿ. ಇದು ಎಲ್ಲರೂ ಹೇಳುವ ಮಾತು. ಆದರೆ ನಮ್ಮ ಮಕ್ಕಳು ಎಡವುವುದು ತಿಂಗಳ ಬಾಡಿಗೆಯಲ್ಲಲ್ಲ, ಮೊದಲ ದಿನದ ಮೊತ್ತದಲ್ಲಿ. ಒಂದು ಉದಾಹರಣೆ ಹಿಡಿಯೋಣ. ಬಾಡಿಗೆ 8,000 ರೂಪಾಯಿ. ಧನಿ ಐದು ತಿಂಗಳ ಮುಂಗಡ ಕೇಳಿದರೆ 40,000. ದಲ್ಲಾಳಿಯ ಮೂಲಕ ಸಿಕ್ಕಿದ್ದಾದರೆ ಅವನಿಗೆ ಒಂದು ತಿಂಗಳ ಬಾಡಿಗೆ, 8,000. ಒಲೆ, ಪಾತ್ರೆ, ಹಾಸಿಗೆ, ಬಕೆಟು, ಫ್ಯಾನು ಎಂದು ಎಷ್ಟು ಹಿಡಿತ ಮಾಡಿದರೂ 15,000. ಸಾಮಾನು ಸಾಗಿಸಲು 3,000. ಕೂಡಿಸಿದರೆ 74,000 ರೂಪಾಯಿ. ಮೊದಲ ಸಂಬಳ ಕೈಗೆ ಬರುವ ಮೊದಲೇ ಇಷ್ಟು ಬೇಕು. ಎಂಟು ಸಾವಿರದ ಮನೆ ಎಂದು ಮನೆಯಲ್ಲಿ ಹೇಳಿದ ಹುಡುಗ ಎಪ್ಪತ್ತನಾಲ್ಕು ಸಾವಿರ ಕೇಳಿದಾಗ ತಂದೆಗೆ ಗಾಬರಿಯಾಗುವುದು ಸಹಜ. ಹೊರಡುವ ಮೊದಲೇ ಇಬ್ಬರೂ ಕಾಗದದ ಮೇಲೆ ಈ ಲೆಕ್ಕ ಬರೆದು ನೋಡಿದರೆ ಮನಸ್ತಾಪ ತಪ್ಪುತ್ತದೆ.

ಮುಂಗಡದ ರೂಢಿ ಊರಿಂದೂರಿಗೆ ಬೇರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಹಳೆಯ ಪದ್ಧತಿ ಇದೆ. ಚೌಕಾಶಿ ಮಾಡಿದರೆ ಇಳಿಯುವುದೂ ಇದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದಿದೆ. ಆದರೆ ಅದು ಮಾದರಿ ಮಾತ್ರ; ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಧನಿಯ ಮುಂದೆ ಅದನ್ನು ಹಿಡಿದು ವಾದಿಸಿದರೆ ಮನೆ ಸಿಗಲಿಕ್ಕಿಲ್ಲ. ಮಾತನಾಡಿ ಇಳಿಸುವುದೇ ದಾರಿ.

ಬೆಂಗಳೂರಿನಲ್ಲಿ ಲೀಸು ಅಥವಾ ಭೋಗ್ಯ ಎಂಬ ಇನ್ನೊಂದು ಕ್ರಮವಿದೆ. ಹಲವು ಲಕ್ಷ ರೂಪಾಯಿಯ ಇಡುಗಂಟು ಒಮ್ಮೆಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಗಂಟು ಹಿಂದಕ್ಕೆ. ಕೇಳಲು ಚೆಂದ. ಆದರೆ ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಇಲ್ಲವೇ ಗಂಟು ಪಡೆದವನು ನಿಜವಾದ ಧನಿಯೇ ಅಲ್ಲದಿದ್ದರೆ, ಹಣಕ್ಕೆ ಕಷ್ಟ. ಊರಿನ ತೋಟದ ಮೇಲೆ ಸಾಲ ತೆಗೆದು ಭೋಗ್ಯಕ್ಕೆ ಹಾಕುವ ಮೊದಲು ಋಣಭಾರ ಪತ್ರ ತೆಗೆಸಿ, ವಕೀಲರಿಗೆ ತೋರಿಸಬೇಕು. ಮೊದಲ ಬಿಡಾರಕ್ಕೆ ಈ ದಾರಿ ಬೇಡವೆಂದೇ ನಮ್ಮ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ಮನೆಯ ಚಿತ್ರ ಹಾಕಿ, ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮುಂಗಡ ಕಳುಹಿಸಿದರೆ ಬೀಗದ ಕೈ ಸಿಗುತ್ತದೆ ಎನ್ನುವವರಿದ್ದಾರೆ. ಮನೆಯನ್ನು ಕಾಲಿಟ್ಟು ನೋಡದೆ, ಧನಿಯ ಮುಖ ಕಾಣದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಕಳುಹಿಸಿ ಮೋಸ ಹೋದವರು ಹೊತ್ತು ಕಳೆಯದೆ 1930 ಸಂಖ್ಯೆಗೆ ದೂರು ಕೊಡಬೇಕು.

ಮನೆ ನೋಡುವ ಕಣ್ಣು

ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು ಬಂದಂತೆ ಮನೆ ನೋಡಿ ಬರಬಾರದು. ಎರಡು ಬಾರಿ ಹೋಗಬೇಕು. ಒಮ್ಮೆ ಹಗಲು, ಒಮ್ಮೆ ಕತ್ತಲಾದ ಮೇಲೆ. ಹಗಲಿನಲ್ಲಿ ಗಾಳಿ ಬೆಳಕು ತಿಳಿಯುತ್ತದೆ. ರಾತ್ರಿ ದಾರಿದೀಪ ಇದೆಯೇ, ಓಣಿಯಲ್ಲಿ ಯಾರು ನಿಂತಿರುತ್ತಾರೆ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದು ತಿಳಿಯುತ್ತದೆ. ಹೆಣ್ಣುಮಕ್ಕಳಿಗೆ ಈ ಎರಡನೆಯ ಭೇಟಿಯೇ ಮುಖ್ಯ.

ನಮ್ಮ ಕರಾವಳಿಯ ಮನೆಗೆ ಮಳೆಗಾಲವೇ ಪರೀಕ್ಷಕ. ಏಪ್ರಿಲಿನಲ್ಲಿ ಅಂದವಾಗಿ ಕಾಣುವ ಕೋಣೆ ಆಟಿ ತಿಂಗಳಲ್ಲಿ ಬೂಷ್ಟು ಹಿಡಿದು ನಾರುತ್ತದೆ. ಬೇಸಗೆಯಲ್ಲಿ ಮನೆ ನೋಡುವವರು ಗೋಡೆಯ ಬುಡ, ತಾರಸಿಯ ಮೂಲೆ, ಕಿಟಿಕಿಯ ಕೆಳಗೆ ಕಂದು ಕಲೆ ಇದೆಯೇ ಎಂದು ನೋಡಬೇಕು. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಕೇಳಬೇಕು. ಹಂಚಿನ ಮಾಡಾದರೆ ಒಳಗೆ ನಿಂತು ತಲೆ ಎತ್ತಿ ನೋಡಿದರೆ ಸಾಕು. ಬೆಳಕು ಬರುವ ಕಡೆ ನೀರೂ ಬರುತ್ತದೆ.

ಎರಡನೆಯದು ನೀರು. ಬಾವಿಯ ನೀರು ಕುಡಿದು ಬೆಳೆದ ನಮ್ಮ ಮಕ್ಕಳಿಗೆ ನೀರನ್ನು ಕೇಳಿ ತಿಳಿಯಬೇಕೆಂಬುದೇ ಹೊಳೆಯುವುದಿಲ್ಲ. ಮಂಗಳೂರಿಗೆ ನೀರು ಕೊಡುವ ತುಂಬೆಯ ಅಣೆಕಟ್ಟಿನಲ್ಲಿ ಮಟ್ಟ ಇಳಿದು 2019 ಮತ್ತು 2023ರ ಬೇಸಗೆಗಳಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕೊಳವೆಬಾವಿ ಬತ್ತಿ ಜನ ಟ್ಯಾಂಕರಿಗೆ ಸಾಲು ನಿಂತರು. ಆದ್ದರಿಂದ ನಳ್ಳಿ ತಿರುಗಿಸಿ ನೋಡಿದರೆ ಸಾಲದು. ನೀರು ಎಲ್ಲಿಂದ, ವಾರಕ್ಕೆ ಎಷ್ಟು ದಿನ, ಬೇಸಗೆಯಲ್ಲಿ ಟ್ಯಾಂಕರು ತರಿಸಿದರೆ ಹಣ ಯಾರದು ಎಂದು ಕೇಳಬೇಕು. ಧನಿಯನ್ನು ಕೇಳುವುದಕ್ಕಿಂತ ಮೇಲಿನ ಅಂತಸ್ತಿನ ಬಾಡಿಗೆಯವರನ್ನು ಕೇಳಿದರೆ ನಿಜ ತಿಳಿಯುತ್ತದೆ.

ಇನ್ನುಳಿದವು ಸಣ್ಣವು: ಬಚ್ಚಲಿನ ನೀರು ಸರಾಗವಾಗಿ ಇಳಿಯುತ್ತದೆಯೇ, ಬಾಗಿಲಿನ ಅಗುಳಿ ಒಳಗಿನಿಂದ ಗಟ್ಟಿಯಾಗಿ ಕೂರುತ್ತದೆಯೇ, ಕರೆಂಟಿನ ಮೀಟರು ಪ್ರತ್ಯೇಕವೇ. ಮೀಟರು ಕೂಡು ಎಂದಾದರೆ ತಿಂಗಳು ತಿಂಗಳು ಜಗಳವೂ ಕೂಡು.

ಅಲ್ಲಿಯೂ ಹೊರಗಿನವರು, ಇಲ್ಲಿಯೂ ಹೊರಗಿನವರು

ಈ ಜಿಲ್ಲೆಯ ಕನ್ನಡಿಗರ ಮಕ್ಕಳಿಗೆ ಮಾತ್ರ ಇರುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಮನೆ ಕೇಳಲು ಹೋದ. ಮಾತೆಲ್ಲ ಕನ್ನಡದಲ್ಲೇ ನಡೆಯಿತು, ಧನಿಯೂ ಒಪ್ಪಿದರು. ಆಧಾರ್ ಕಾರ್ಡು ತೋರಿಸಿದಾಗ ವಿಳಾಸ ಕೇರಳ, ಮೇಲಿನ ಅಕ್ಷರ ಮಲಯಾಳ. "ಕೇರಳದವರಾ? ಮತ್ತೆ ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತಿರಿ?" ಎಂದು ಅವರು ಕೇಳಿದರಂತೆ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ ಹುಡುಗ ತಾನು ಕನ್ನಡಿಗನೆಂದು ರುಜುವಾತು ಮಾಡಬೇಕಾಯಿತು. ಮನೆಯೇನೋ ಸಿಕ್ಕಿತು. ಆದರೆ ಆ ಪ್ರಶ್ನೆ ಅವನ ಮನಸ್ಸಿನಲ್ಲಿ ಉಳಿಯಿತು, ನಮ್ಮ ಮನಸ್ಸಿನಲ್ಲಿಯೂ.

ಅತ್ತ ಎರ್ನಾಕುಳಕ್ಕೆ ಕೆಲಸಕ್ಕೆ ಹೋದ ಹುಡುಗಿಯೊಬ್ಬಳ ಕತೆ ಬೇರೆ. ಅವಳಿಗೆ ಮಲಯಾಳ ಮಾತು ಸರಾಗ. ಪೇಟೆಯಲ್ಲಿ, ಬಸ್ಸಿನಲ್ಲಿ, ನೆರೆಮನೆಯಲ್ಲಿ ಕೇಳಿ ಕಲಿತದ್ದು. ಅಕ್ಷರ ಮಾತ್ರ ಕೂಡಿಸಿ ಓದುವಷ್ಟು. ಮುದ್ರಾಪತ್ರದ ಮೇಲೆ ನಾಲ್ಕು ಪುಟ ಮಲಯಾಳದಲ್ಲಿ ಬರೆದ ಕರಾರಿಗೆ, ಓದಲು ಬಾರದೆಂದು ಹೇಳಲು ನಾಚಿ, ಅವಳು ಸಹಿ ಹಾಕಿದಳು. ಆರು ತಿಂಗಳಲ್ಲಿ ವರ್ಗವಾಗಿ ಮನೆ ಬಿಡಬೇಕಾದಾಗ, ಹನ್ನೊಂದು ತಿಂಗಳ ಮೊದಲು ಬಿಟ್ಟರೆ ಮುಂಗಡ ಹಿಂದಕ್ಕಿಲ್ಲ ಎಂಬ ಸಾಲು ಮೂರನೆಯ ಪುಟದಲ್ಲಿದ್ದುದು ತಿಳಿಯಿತು. ಧನಿ ಕೆಟ್ಟವರಲ್ಲ, ಬರೆದುದನ್ನೇ ಹೇಳಿದರು. ಹಣ ಹೋಯಿತು.

ಓದಲಾಗದ ಅಕ್ಷರಕ್ಕೆ ಸಹಿ ಹಾಕಬಾರದು. ಇದು ಈ ಲೇಖನದ ಮುಖ್ಯ ಮಾತು. ಓದಲು ಬಾರದೆಂದು ಹೇಳುವುದರಲ್ಲಿ ನಾಚಿಕೆಗೆ ಎಡೆಯೇ ಇಲ್ಲ; ಅದು ಅಜ್ಞಾನವಲ್ಲ, ಬೇರೆ ಭಾಷೆಯಲ್ಲಿ ಕಲಿತದ್ದು ಅಷ್ಟೆ. ಕರಾರಿನ ಪ್ರತಿಯನ್ನು ಒಂದು ದಿನ ಮೊದಲೇ ಕೇಳಿ ಪಡೆಯಬೇಕು. ಅದರ ಚಿತ್ರ ತೆಗೆದು ಊರಿಗೆ ಕಳುಹಿಸಿದರೆ ಎರಡು ಲಿಪಿಯನ್ನೂ ಬಲ್ಲವರು ನಮ್ಮ ನೆರೆಯಲ್ಲೇ ಇದ್ದಾರೆ. ಒಂದು ಗಂಟೆಯಲ್ಲಿ ಓದಿ ಹೇಳಿಯಾರು. ಖಾಸಗಿ ಕರಾರು ಇಂಥದೇ ಭಾಷೆಯಲ್ಲಿರಬೇಕೆಂದೇನೂ ಇಲ್ಲ. ಇಬ್ಬರಿಗೂ ತಿಳಿಯುವ ಇಂಗ್ಲಿಷಿನಲ್ಲಿ ಬರೆಯಿಸೋಣ ಎಂದು ಕೇಳಬಹುದು. ಸಹಿಯನ್ನು ಕನ್ನಡದಲ್ಲೇ ಹಾಕಬಹುದು.

ಕರಾರಿನಲ್ಲಿ ಏನಿರಬೇಕು

ಕರಾರು ಏಕೆ ಯಾವಾಗಲೂ ಹನ್ನೊಂದು ತಿಂಗಳದ್ದು ಎಂದು ಮಕ್ಕಳು ಕೇಳುತ್ತಾರೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಣಿ ಮಾಡಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳು ಎಂದು ಬರೆದು, ಮುಗಿದಾಗ ಹೊಸದು ಮಾಡುತ್ತಾರೆ. ಇದರಲ್ಲಿ ಮೋಸವೇನಿಲ್ಲ.

ಕರಾರಿನಲ್ಲಿ ಬಾಡಿಗೆ ಎಷ್ಟು, ಯಾವ ತಾರೀಕಿನೊಳಗೆ, ವರ್ಷಕ್ಕೆ ಎಷ್ಟು ಏರಿಕೆ, ಮುಂಗಡ ಎಷ್ಟು, ಬಿಟ್ಟ ಮೇಲೆ ಎಷ್ಟು ದಿನದಲ್ಲಿ ಹಿಂದಕ್ಕೆ, ಅದರಿಂದ ಏನೇನು ಮುರಿದುಕೊಳ್ಳಬಹುದು, ಬಿಡುವ ಮೊದಲು ಎಷ್ಟು ದಿನದ ತಿಳುವಳಿಕೆ ಎಂಬಿಷ್ಟು ಸ್ಪಷ್ಟವಿರಬೇಕು. ಬೆಂಗಳೂರಿನಲ್ಲಿ ಬಣ್ಣ ಬಳಿಯುವ ಬಾಬ್ತು ಎಂದು ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿ ಇದೆ. ಮೊದಲೇ ಕೇಳಿ ಬರೆಯಿಸಿದರೆ ಕೊನೆಗೆ ಬೇಸರವಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟೀಸು ಸಾಕು. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆಯವನು ಹೊಣೆಯಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಕೇರಳದಲ್ಲಿ 1965ರ ಬಾಡಿಗೆ ನಿಯಂತ್ರಣ ಕಾಯಿದೆ ಅನ್ವಯಿಸುವ ಪ್ರದೇಶಗಳಲ್ಲಿ, ಕಾಯಿದೆ ಹೇಳಿದ ಕಾರಣವಿಲ್ಲದೆ ಧನಿ ಒಕ್ಕಲೆಬ್ಬಿಸುವಂತಿಲ್ಲ. ನೀರು, ಕರೆಂಟು ಕಡಿದು ಓಡಿಸುವಂತಿಲ್ಲ.

ಕಾಗದದ ಬೆಲೆಯನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಮೂಲಗೇಣಿ, ಚಾಲಗೇಣಿಗಳ ಕಾಲ ಕಂಡವರ ಮನೆಗಳು ಇವು. 1970ರ ಜನವರಿ 1ರಂದು ಭೂಸುಧಾರಣೆ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾದಾಗ, ಗೇಣಿ ಚೀಟು, ಗೇಣಿ ರಶೀದಿಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟವರಿಗೆ ಅವು ಎಷ್ಟು ಉಪಕಾರಕ್ಕೆ ಬಂದವೆಂದು ಅಜ್ಜಂದಿರನ್ನು ಕೇಳಿದರೆ ಹೇಳಿಯಾರು. ಮೊಮ್ಮಗನೂ ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕೊಡಲಿ. ನಗದು ಕೊಟ್ಟರೆ ರಶೀದಿ ಕೇಳಲಿ.

ಹೊಸ ಮನೆಗೆ ಕಾಲಿಡುವ ದಿನ

ಹಾಲುಕ್ಕಿಸುವುದು, ಒಂದು ದೀಪ ಹಚ್ಚುವುದು ಮನೆಯವರ ಇಷ್ಟ. ಅದಕ್ಕಿಂತ ಮೊದಲು ಖಾಲಿ ಮನೆಯ ಚಿತ್ರ ತೆಗೆಯಬೇಕು. ಒಡೆದ ಗಾಜು, ಸಡಿಲಾದ ಬಾಗಿಲು, ಗೋಡೆಯ ಮೊಳೆಗುಳಿ ಎಲ್ಲವನ್ನೂ ತೆಗೆದು, ಅದೇ ದಿನ ಧನಿಗೆ ಕಳುಹಿಸಿಬಿಡಬೇಕು. ಬಿಡುವ ದಿನ ಇವು ನೀವು ಮಾಡಿದ್ದಲ್ಲವೆಂಬುದಕ್ಕೆ ಅದೇ ಸಾಕ್ಷಿ. ಮೀಟರಿನ ಅಂಕೆಯನ್ನು ಇಬ್ಬರೂ ಕೂಡಿ ನೋಡಿ ಬರೆದುಕೊಳ್ಳಬೇಕು.

ಕೇರಳದ ಮನೆಗಳಿಗೆ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಕರೆಂಟಿನ ಬಿಲ್ಲು, ಕರ್ನಾಟಕದಲ್ಲಿ ತಿಂಗಳಿಗೊಮ್ಮೆ. ಅಲ್ಲಿ ಮೀಟರಿಗೆ ಆರ್‌ಆರ್ ನಂಬರ್ ಎಂದಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ಬಾಡಿಗೆಯವರೂ ಅರ್ಹರು. ಅದಕ್ಕೆ ಆ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಬೇಕು. ಹಿಂದೆ ಇದ್ದವರು ತಮ್ಮ ಜೋಡಣೆ ತೆಗೆದು ಹೋಗಿದ್ದಾರೆಯೇ ಎಂದು ಮೊದಲೇ ವಿಚಾರಿಸಬೇಕು. ಹೊಸ ಊರಿನ ವಿಳಾಸದ ದಾಖಲೆ ಇನ್ನೂ ಇಲ್ಲದವರಿಗೆ 5 ಕಿಲೋದ ಸಣ್ಣ ಗ್ಯಾಸ್ ಸಿಲಿಂಡರು ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಒಬ್ಬನ ಗಂಜಿ ಚಟ್ನಿಗೆ ಅದು ಧಾರಾಳ.

ಮತದಾರರ ಪಟ್ಟಿಯ ಬಗ್ಗೆಯೂ ಒಂದು ಮಾತು. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಆದರೆ ಕೆಲವು ಕಾಲ ಹೊರಗಿದ್ದ ಮಾತ್ರಕ್ಕೆ ಊರಿನ ನಿವಾಸ ತಪ್ಪುವುದಿಲ್ಲವೆಂದೂ 1950ರ ಜನತಾ ಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ. ಖಾಯಂ ನೆಲಸುವವರು ಬದಲಾಯಿಸಲಿ. ವರ್ಷವೆರಡರಲ್ಲಿ ಮರಳುವವರು ಅವಸರಪಡಬೇಕಾಗಿಲ್ಲ. ಅಲ್ಪಸಂಖ್ಯಾತರ ಒಂದೊಂದು ಹೆಸರಿಗೂ ಊರಿನ ಪಟ್ಟಿಯಲ್ಲಿ ತೂಕವಿದೆ ಎಂಬುದನ್ನು ಯೋಚಿಸಿ ತೀರ್ಮಾನಿಸಲಿ.

ತಾಯ್ತಂದೆಯರಿಗೆ

ಗಂಡುಮಗ ಬಿಡಾರ ಹಿಡಿದನೆಂದರೆ ಹೆಮ್ಮೆ, ಹೆಣ್ಣುಮಗಳು ಹಿಡಿದಳೆಂದರೆ ಆತಂಕ. ಇದು ನಮ್ಮ ಮನೆಗಳ ಸ್ಥಿತಿ. ಆತಂಕ ಸಹಜವೇ. ಆದರೆ ಅದರ ಹೆಸರಿನಲ್ಲಿ ಸಿಕ್ಕಿದ ಕೆಲಸವನ್ನು ಬಿಡಿಸಿದ ಉದಾಹರಣೆಗಳನ್ನೂ ನಾವು ಬಲ್ಲೆವು. ಎಸ್ಸೆಸ್ಸೆಲ್ಸಿಯಲ್ಲಿ ತರಗತಿಗೇ ಮೊದಲು ಬಂದ ಹುಡುಗಿ, ಮನೆ ಸಿಕ್ಕಲಿಲ್ಲವೆಂಬ ನೆಪದಲ್ಲಿ ಊರಿಗೆ ಮರಳಿದರೆ ನಷ್ಟ ಅವಳೊಬ್ಬಳದಲ್ಲ. ಬೇಡವೆನ್ನುವ ಬದಲು ಜೊತೆಗೆ ಹೋಗಿ ಮನೆ ನೋಡಿ ಬನ್ನಿ. ನೆರೆಯ ಇಬ್ಬರ ಪರಿಚಯ ಮಾಡಿಕೊಂಡು ಬನ್ನಿ. ಊರಿನವರೇ ಇಬ್ಬರು ಮೂವರು ಹುಡುಗಿಯರು ಕೂಡಿ ಒಂದು ಮನೆ ಹಿಡಿದರೆ ಖರ್ಚೂ ಇಳಿಯುತ್ತದೆ, ಭಯವೂ ಇಳಿಯುತ್ತದೆ. ಆದರೆ ಕರಾರಿನಲ್ಲಿ ಎಲ್ಲರ ಹೆಸರೂ ಇರಲಿ. ಒಬ್ಬಳ ಹೆಸರಿನಲ್ಲಿ ಮಾತ್ರ ಇದ್ದರೆ, ಉಳಿದವರು ಬಿಟ್ಟುಹೋದಾಗ ಪೂರ್ತಿ ಬಾಡಿಗೆಯ ಹೊರೆ ಅವಳಿಗೆ.

ಮೀನು ತಿನ್ನುವವರು ತಿನ್ನುವುದಿಲ್ಲವೆಂದು ಹೇಳಿ ಮನೆ ಪಡೆಯಬೇಡಿ. ಸುಳ್ಳಿನ ಮೇಲೆ ಹೂಡಿದ ಬಿಡಾರದಲ್ಲಿ ಬೂತಾಯಿ ಹುರಿಯುವ ದಿನವೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಇದ್ದುದನ್ನು ಇದ್ದಂತೆ ಹೇಳಿ. ಒಪ್ಪುವ ಧನಿ ಸಿಕ್ಕಿಯೇ ಸಿಗುತ್ತಾರೆ.

ಹೊರಡುವ ಮಕ್ಕಳ ಚೀಲದಲ್ಲಿ ಅಮ್ಮಂದಿರು ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ ತುಂಬಿಸುತ್ತಾರೆ. ಅದರ ಜೊತೆಗೆ ಎರಡು ಕನ್ನಡ ಪುಸ್ತಕಗಳನ್ನೂ ಇಡಿ. ತಿರುವನಂತಪುರದ ಯಾವುದೋ ಓಣಿಯ ಕೋಣೆಯಲ್ಲಿ ರಾತ್ರಿ ದೀಪ ಹಚ್ಚಿ ಓದುವ ಒಬ್ಬ ಹುಡುಗನಿದ್ದರೆ ಅಷ್ಟರಮಟ್ಟಿಗೆ ಅಲ್ಲಿಯೂ ಒಂದು ಕನ್ನಡದ ಮನೆ ಇದ್ದಂತೆ. ಬಾಡಿಗೆಯ ಗೋಡೆ ಧನಿಯದು. ಅದರೊಳಗೆ ಆಡುವ ಮಾತು ನಮ್ಮದು. ಮನೆ ಬದಲಾದಷ್ಟು ಸಲವೂ ಆ ಮಾತನ್ನು ಸಾಮಾನಿನ ಜೊತೆ ಕಟ್ಟಿಕೊಂಡು ಹೋಗುವಂತೆ ಮಕ್ಕಳನ್ನು ಅಣಿಗೊಳಿಸುವುದು ಮನೆಯವರಾದ ನಿಮ್ಮ ಮತ್ತು ಶಾಲೆಯವರಾದ ನಮ್ಮ ಕರ್ತವ್ಯ.